ಅದಿರಿಗೂ ಆಯುಧಕ್ಕೂ ನಡುವಿನ ವಿದ್ಯೆ

ಎರಡು ರಾಷ್ಟ್ರಗಳ ನಡುವೆ ಒಪ್ಪಂದವಾಯಿತೆಂಬ ಸುದ್ದಿ ಬಂದಾಗ ನಾವು ಕೈಕುಲುಕುವ ನಾಯಕರ ಚಿತ್ರವನ್ನು ನೋಡಿ, ಕೋಟಿಗಳ ಲೆಕ್ಕವನ್ನು ಓದಿ, ಪುಟ ಮಗುಚುತ್ತೇವೆ. ಈಚಿನ ವರ್ಷಗಳಲ್ಲಿ ಇಂಥ ಒಪ್ಪಂದಗಳಲ್ಲಿ ಎರಡು ವಿಷಯಗಳು ಅವಳಿಗಳಂತೆ ಜೊತೆಜೊತೆಯಾಗಿ ಕಾಣಿಸಿಕೊಳ್ಳುತ್ತಿವೆ. ಒಂದು, ರಕ್ಷಣಾ ಸಾಮಗ್ರಿಗಳ ಕೂಡು ತಯಾರಿಕೆ. ಇನ್ನೊಂದು, ಆ ಸಾಮಗ್ರಿಗಳಿಗೆ ಬೇಕಾದ ನಿರ್ಣಾಯಕ ಖನಿಜಗಳ ಪೂರೈಕೆ. ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಈ ವಿಚಾರಕ್ಕೆ ಎಡೆಯೇನು ಎಂದು ಓದುಗರು ಕೇಳಬಹುದು. ಆದರೆ ನಾವು ವಾಸಿಸುವ ಪ್ರದೇಶವನ್ನೇ ಒಮ್ಮೆ ನೋಡೋಣ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಎಷ್ಟೋ ಮನೆಗಳ ಹಿರಿಯರು ವಿಮಾನ ಕಾರ್ಖಾನೆಯಲ್ಲೋ ಭಾರತ್ ಎಲೆಕ್ಟ್ರಾನಿಕ್ಸಿನಲ್ಲೋ ದುಡಿದು ನಿವೃತ್ತರಾದವರು. ಕುಮಾರಸ್ವಾಮಿ ಬಡಾವಣೆಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಛೇರಿಯಿದೆ. ಬಿ.ಟಿ.ಎಂ. ಬಡಾವಣೆಗೆ ಹೊಂದಿಕೊಂಡ ಕೋರಮಂಗಲದಲ್ಲಿ ಕುದುರೆಮುಖ ಕಂಪನಿಯ ಕೇಂದ್ರ ಕಛೇರಿಯಿದೆ. ಸಾರಕ್ಕಿಯ ಕೈಗಾರಿಕಾ ಬಡಾವಣೆಯಲ್ಲಿ ಲೇತುಗಳು ತಿರುಗುತ್ತಿವೆ. ಅದಿರನ್ನು ಹುಡುಕುವವರೂ ಯಂತ್ರವನ್ನು ಕಟ್ಟುವವರೂ ನಮ್ಮ ನೆರೆಹೊರೆಯವರೇ. ಇವರಿಬ್ಬರ ನಡುವೆ ಇರಬೇಕಾದ ಒಂದು ವಿದ್ಯೆ ನಮ್ಮಲ್ಲಿ ಬಡವಾಗಿದೆಯೆಂಬುದೂ, ಆ ವಿದ್ಯೆಯಿಲ್ಲದ ಸಹಕಾರವು ಎರವಿನ ಒಡವೆಯಂತೆ ಎಂಬುದೂ ಈ ಲೇಖನದ ಅಭಿಪ್ರಾಯ.

ಪರದೇಶಗಳೊಡನೆ ಸಹಕಾರವೆಂಬುದು ಬೆಂಗಳೂರಿಗೆ ಹೊಸದಲ್ಲ. ೧೯೪೦ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹಿರಾಚಂದರು ಮೈಸೂರು ಸಂಸ್ಥಾನದ ಸರ್ಕಾರದೊಡಗೂಡಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದಾಗ ಯಂತ್ರಗಳನ್ನೂ ತಜ್ಞರನ್ನೂ ಒದಗಿಸಿಕೊಟ್ಟವರು ಅಮೆರಿಕದ ವಿಲಿಯಂ ಪಾಲಿ. ಮರುವರ್ಷವೇ ಅಮೆರಿಕದ ವಿನ್ಯಾಸದ ಹಾರ್ಲೋ ವಿಮಾನ ಇಲ್ಲಿ ಸಿದ್ಧವಾಗಿ ಹಾರಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, ೧೯೫೧ರಲ್ಲಿ, ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ನಮ್ಮವರೇ ವಿನ್ಯಾಸಗೊಳಿಸಿದ ಎಚ್.ಟಿ.-೨ ತರಬೇತಿ ವಿಮಾನ ಆಕಾಶಕ್ಕೇರಿತು. ೧೯೫೪ರಲ್ಲಿ ಫ್ರಾನ್ಸಿನ ಸಿ.ಎಸ್.ಎಫ್. ಸಂಸ್ಥೆಯ ಸಹಯೋಗದಿಂದ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿತು. ಕೈಹಿಡಿದು ನಡೆಸಿದವರ ಕೈಬಿಟ್ಟು ತಾನೇ ನಡೆಯುವಂತಾಗುವುದೇ ಸಹಕಾರದ ಸಾರ್ಥಕ್ಯವೆನ್ನುವುದಾದರೆ ಇವು ಸಾರ್ಥಕವಾದ ಸಹಕಾರಗಳು.

ಆದರೆ ಮಾರುತ್ ಎಂಬ ಯುದ್ಧವಿಮಾನದ ಕಥೆ ಬೇರೊಂದು ಪಾಠವನ್ನು ಹೇಳುತ್ತದೆ. ಜರ್ಮನಿಯ ಹೆಸರಾಂತ ವಿನ್ಯಾಸಕ ಕುರ್ಟ್ ಟ್ಯಾಂಕ್ ೧೯೫೬ರಲ್ಲಿ ಬೆಂಗಳೂರಿಗೆ ಬಂದರು. ಅವರ ಮಾರ್ಗದರ್ಶನದಲ್ಲಿ ನಮ್ಮ ತಂತ್ರಜ್ಞರು ರೂಪಿಸಿದ ವಿಮಾನ ೧೯೬೧ರ ಜೂನ್ ೧೭ರಂದು ಮೊದಲ ಬಾರಿಗೆ ಹಾರಿತು. ಅದರ ಒಡಲು ಶಬ್ದದ ವೇಗವನ್ನು ಮೀರಿ ಹಾರುವುದಕ್ಕೆಂದು ರೂಪುಗೊಂಡದ್ದು. ಆದರೆ ಆ ಒಡಲಿಗೆ ತಕ್ಕ ಎಂಜಿನ್ನು ದೊರೆಯಲಿಲ್ಲ. ಬ್ರಿಟನ್ನಿನ ಕಂಪನಿಯು ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್ನನ್ನು ಬೆಳೆಸಲು ಹಣ ಕೇಳಿದಾಗ ನಮ್ಮ ಸರ್ಕಾರ ಒಪ್ಪಲಿಲ್ಲ. ಬಳಿಕ ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ನನ್ನು ಅಳವಡಿಸುವ ಪ್ರಯತ್ನ ನಡೆಯಿತು. ಆ ದೇಶದ ಯೋಜನೆಯೇ ನಿಂತುಹೋಯಿತು. ಕಡೆಗೆ ಕಡಿಮೆ ಶಕ್ತಿಯ ಆರ್ಫಿಯಸ್ ೭೦೩ನ್ನೇ ಹೊತ್ತು, ೧೯೭೧ರ ಯುದ್ಧದಲ್ಲಿ ಮಾರುತ್ ತನ್ನ ಕರ್ತವ್ಯವನ್ನು ಧೀರವಾಗಿಯೇ ನಿರ್ವಹಿಸಿತು. ಒಟ್ಟು ೧೪೭ ವಿಮಾನಗಳಾದವು; ೧೯೯೦ರಲ್ಲಿ ಸೇವೆ ಮುಗಿಯಿತು. ಮೂರು ದೇಶಗಳ ಪ್ರತಿಭೆ ಕೂಡಿದ ಕಾರ್ಯದಲ್ಲಿ ಒಂದೇ ಒಂದು ಕೊಂಡಿ ನಮ್ಮ ಕೈಯಲ್ಲಿರಲಿಲ್ಲ. ಮಿಕ್ಕೆಲ್ಲ ಕೊಂಡಿಗಳ ಬಲವನ್ನು ಆ ಒಂದು ಕೊಂಡಿಯೇ ಅಳೆಯಿತು.

ಅರುವತ್ತು ವರ್ಷಗಳ ಬಳಿಕವೂ ಇದೇ ಪ್ರಶ್ನೆ ನಮ್ಮೆದುರು ನಿಂತಿದೆ. ತೇಜಸ್ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ನಮ್ಮ ತಂತ್ರಜ್ಞರು ಅಮೆರಿಕದ ಕಂಪನಿಯೊಂದರಲ್ಲಿ ದುಡಿಯುತ್ತಿದ್ದಾಗ ೧೯೯೮ರ ಪೋಖರಣ್ ಪರೀಕ್ಷೆ ನಡೆಯಿತು. ಅಮೆರಿಕ ನಿರ್ಬಂಧ ಹೇರಿತು. ನಮ್ಮವರು ಕೆಲಸವನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಬೇಕಾಯಿತು. ಆದರೆ ಈ ವಿದ್ಯೆಯ ಮೂಲ ನಮ್ಮಲ್ಲಿ ಬೇರೂರಿತ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯ ತಂಡ ಮೊದಲ್ಗೊಂಡು ಅನೇಕರು ಶ್ರಮಿಸಿ ಆ ಕೆಲಸವನ್ನು ಇಲ್ಲಿಯೇ ಪೂರೈಸಿದರು. ೨೦೦೧ರ ಜನವರಿ ೪ರಂದು ತೇಜಸ್ ಹಾರಿತು. ಅಂದು ಅದರ ಒಡಲಲ್ಲಿದ್ದ ಎಂಜಿನ್ನು ಮಾತ್ರ ಅಮೆರಿಕದ್ದೇ. ಸ್ವದೇಶೀ ಎಂಜಿನ್ನಿಗಾಗಿ ೧೯೮೯ರಲ್ಲಿ ಮಂಜೂರಾದ ಕಾವೇರಿ ಯೋಜನೆಯನ್ನು ೨೦೦೮ರಲ್ಲಿ ತೇಜಸ್ಸಿನಿಂದ ಬೇರ್ಪಡಿಸಲಾಯಿತು. ೨೦೨೧ರ ಫೆಬ್ರವರಿಯಲ್ಲಿ ೮೩ ತೇಜಸ್ ವಿಮಾನಗಳಿಗೆ ಬೇಡಿಕೆ ಬಂದು, ಅದೇ ಆಗಸ್ಟಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯೊಡನೆ ೯೯ ಎಂಜಿನ್ನುಗಳಿಗೆ ಒಪ್ಪಂದವಾಯಿತು. ಮೊದಲ ಎಂಜಿನ್ನು ತಲುಪಿದ್ದು ೨೦೨೫ರ ಮಾರ್ಚಿನಲ್ಲಿ. ಇದರಲ್ಲಿ ದ್ವೇಷವೂ ಇರಲಿಲ್ಲ, ನಿರ್ಬಂಧವೂ ಇರಲಿಲ್ಲ. ಆ ಕಂಪನಿಗೆ ಬಿಡಿಭಾಗ ಒದಗಿಸುವವರ ಸರಪಳಿಯೇ ಕುಂಟುತ್ತಿತ್ತು. ಆದರೂ ವಿಮಾನದ ಒಡಲುಗಳು ಸಿದ್ಧವಾಗಿ ಎಂಜಿನ್ನಿಗಾಗಿ ಕಾದು ನಿಂತವು. ೧೯೯೮ರ ನಿರ್ಬಂಧ ನಮ್ಮನ್ನು ತಡೆಯಲಾರದೆ ಹೋಯಿತು, ಮಿತ್ರನೊಬ್ಬನ ತಡವು ತಡೆಯಿತು ಎಂಬ ವೈಚಿತ್ರ್ಯವನ್ನು ಓದುಗರು ಗಮನಿಸಬೇಕು. ಮೊದಲನೆಯದರಲ್ಲಿ ವಿದ್ಯೆ ನಮ್ಮದಾಗಿತ್ತು, ಎರಡನೆಯದರಲ್ಲಿ ಇರಲಿಲ್ಲ.

ಎಂಜಿನ್ನಿನಲ್ಲಿ ಅಂಥ ಗಹನವೇನು? ಅದರ ಒಡಲಲ್ಲಿ ತಿರುಗುವ ಅಲಗುಗಳು ತಮ್ಮ ಲೋಹವೇ ಕರಗುವಷ್ಟು ಬಿಸಿಗಿಂತಲೂ ಹೆಚ್ಚಿನ ಬಿಸಿಯ ಅನಿಲದಲ್ಲಿ ನಿಂತು ದುಡಿಯಬೇಕು. ನಿಕ್ಕಲ್ಲಿಗೆ ಕೋಬಾಲ್ಟ್ ಮೊದಲಾದ ಲೋಹಗಳನ್ನು ಹದವರಿತು ಬೆರೆಸಿ, ಇಡೀ ಅಲಗು ಒಂದೇ ಹರಳಾಗುವಂತೆ ಎರಕ ಹೊಯ್ದು, ಅದರೊಳಗೆ ತಂಪುಗಾಳಿ ಹರಿಯಲು ಸೂಕ್ಷ್ಮ ನಾಳಗಳನ್ನು ಬಿಡಬೇಕು. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಶಾಲೆಯು ಇಂಥ ೬೦ ಅಲಗುಗಳನ್ನು ೨೦೨೧ರಲ್ಲಿ ನಮ್ಮ ಎಚ್.ಎ.ಎಲ್.ಗೆ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಒದಗಿಸಿದ್ದು ಸಣ್ಣ ಸಾಧನೆಯಲ್ಲ. ಅದಿರು ಅಗೆಯುವವನ ವಿದ್ಯೆಯೂ ಇದಲ್ಲ, ವಿಮಾನ ಜೋಡಿಸುವವನ ವಿದ್ಯೆಯೂ ಇದಲ್ಲ. ಇದು ನಡುವಿನ ವಿದ್ಯೆ.

ಖನಿಜಗಳ ಕಥೆಯಲ್ಲಿ ಈ ನಡುವಿನ ಕೊಂಡಿಯ ಮಹತ್ವ ಇನ್ನೂ ಸ್ಪಷ್ಟವಾಗಿ ತೋರುತ್ತದೆ. ೨೦೨೫ರ ಏಪ್ರಿಲ್ ೪ರಂದು ಚೀನಾ ದೇಶವು ಸಮೇರಿಯಂ, ಡಿಸ್ಪ್ರೋಸಿಯಂ, ಟೆರ್ಬಿಯಂ ಮೊದಲಾದ ಏಳು ವಿರಳ ಲೋಹಗಳ ಹಾಗೂ ಅವುಗಳಿಂದಾಗುವ ಅಯಸ್ಕಾಂತಗಳ ರಫ್ತಿಗೆ ಪರವಾನಗಿಯ ಕಟ್ಟುಪಾಡು ವಿಧಿಸಿತು. ಪ್ರಪಂಚದ ವಿರಳ ಲೋಹಗಳ ಶುದ್ಧೀಕರಣದಲ್ಲಿ ಸುಮಾರು ಶೇಕಡಾ ೯೦ರಷ್ಟು ಅಲ್ಲಿಯೇ ನಡೆಯುವುದರಿಂದ ಕೆಲವೇ ವಾರಗಳಲ್ಲಿ ನಮ್ಮ ವಿದ್ಯುತ್ ಸ್ಕೂಟರುಗಳ ತಯಾರಕರು ಕಂಗಾಲಾದರು. ರಕ್ಷಣೆಯ ಬಾಬತ್ತಿನಲ್ಲಿ ಇದು ಇನ್ನೂ ಗಂಭೀರ. ಸಮೇರಿಯಂ ಮತ್ತು ಕೋಬಾಲ್ಟಿನ ಅಯಸ್ಕಾಂತವು ಅತಿ ಬಿಸಿಯಲ್ಲಿಯೂ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲವಾದ್ದರಿಂದ ಕ್ಷಿಪಣಿಗಳಿಗೂ ರೇಡಾರಿನ ಮೈಕ್ರೋವೇವ್ ನಳಿಕೆಗಳಿಗೂ ಅದು ಅನಿವಾರ್ಯ.

ಹಾಗಾದರೆ ಈ ಲೋಹಗಳು ನಮ್ಮಲ್ಲಿ ಇಲ್ಲವೇ? ಧಾರಾಳವಾಗಿವೆ. ಕೇರಳ, ತಮಿಳುನಾಡು, ಆಂಧ್ರ, ಒಡಿಶಾಗಳ ಕಡಲ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯವರು ತಿರುವಾಂಕೂರಿನ ಈ ಮರಳನ್ನು ಹಡಗುಗಟ್ಟಲೆ ಒಯ್ದರು. ಗ್ಯಾಸ್ ದೀಪದ ಮ್ಯಾಂಟಲಿಗೆ ಬೇಕಾದ ಥೋರಿಯಂ ಅದರಲ್ಲಿತ್ತು. ಸ್ವಾತಂತ್ರ್ಯಾನಂತರ ೧೯೫೦ರಲ್ಲಿಯೇ ಇಂಡಿಯನ್ ರೇರ್ ಅರ್ಥ್ಸ್ ಕಂಪನಿಯನ್ನು ಸ್ಥಾಪಿಸಿ ಆಲುವಾದಲ್ಲಿ ಕಾರ್ಖಾನೆ ತೆರೆಯಲಾಯಿತು. ಅಮೆರಿಕದ ಭೂವೈಜ್ಞಾನಿಕ ಸಂಸ್ಥೆಯ ಎಣಿಕೆಯಂತೆ ಭಾರತದ ನಿಕ್ಷೇಪ ೬೯ ಲಕ್ಷ ಟನ್ನು. ಆದರೆ ಮರಳಿನಿಂದ ಅಯಸ್ಕಾಂತದವರೆಗಿನ ದಾರಿ ದೀರ್ಘವಾದುದು. ಮರಳಿನಿಂದ ಮೊನಜೈಟನ್ನು ಬೇರ್ಪಡಿಸಬೇಕು; ಕಾಸ್ಟಿಕ್ ಸೋಡದಲ್ಲಿ ಕುದಿಸಿ ವಿಕಿರಣಶೀಲ ಥೋರಿಯಮ್ಮನ್ನು ಜಾಗರೂಕತೆಯಿಂದ ತೆಗೆಯಬೇಕು. ಉಳಿದ ಲೋಹಗಳು ಒಂದೇ ತಾಯಿಯ ಮಕ್ಕಳಂತೆ ಗುಣದಲ್ಲಿ ಒಂದನ್ನೊಂದು ಹೋಲುವುದರಿಂದ, ದ್ರಾವಕಗಳ ನೂರಾರು ತೊಟ್ಟಿಗಳಲ್ಲಿ ಮತ್ತೆ ಮತ್ತೆ ಹಾಯಿಸಿದ ಮೇಲಷ್ಟೇ ಅವು ಬೇರೆಬೇರೆಯಾಗುತ್ತವೆ. ಆಮೇಲೆ ಆಕ್ಸೈಡನ್ನು ಲೋಹವಾಗಿಸಬೇಕು, ಲೋಹವನ್ನು ಮಿಶ್ರಲೋಹವಾಗಿಸಬೇಕು, ಅದನ್ನು ಪುಡಿಮಾಡಿ ಕಾಂತಕ್ಷೇತ್ರದಲ್ಲಿ ಒತ್ತಿ ಸುಡಬೇಕು. ಈ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ ನಾವು ಎಪ್ಪತ್ತು ವರ್ಷಗಳಿಂದ ನಿಂತಿದ್ದೇವೆ. ಮೇಲಿನ ಮೆಟ್ಟಿಲುಗಳನ್ನು ಏರುವುದರಲ್ಲಿ ತೀರ ಹಿಂದುಳಿದೆವು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಡ.

ಜಪಾನಿನೊಡನೆ ನಮ್ಮ ಸಹಕಾರವನ್ನು ಇಲ್ಲಿ ಸ್ಮರಿಸಬಹುದು. ೨೦೧೦ರಲ್ಲಿ ಚೀನಾದಿಂದ ಬರುವ ವಿರಳ ಲೋಹಗಳು ಅಡ್ಡಿಗೊಂಡಾಗ ಜಪಾನ್ ಎಚ್ಚೆತ್ತಿತು. ೨೦೧೨ರಲ್ಲಿ ನಮ್ಮೊಡನೆ ಒಪ್ಪಂದ ಮಾಡಿಕೊಂಡು, ನಮ್ಮ ಕಂಪನಿಯ ಸಾಮಗ್ರಿಯನ್ನು ವಿಶಾಖಪಟ್ಟಣದಲ್ಲಿ ಸಂಸ್ಕರಿಸಿ ತನ್ನ ದೇಶಕ್ಕೆ ಒಯ್ದಿತು. ೨೦೨೫ರ ಜೂನಿನಲ್ಲಿ ಈ ರಫ್ತನ್ನು ನಿಲ್ಲಿಸುವಂತೆ ನಮ್ಮ ಸರ್ಕಾರ ಸೂಚಿಸಿತೆಂದು ವರದಿಯಾಯಿತು. ಜಪಾನನ್ನು ದೂಷಿಸಲು ಕಾರಣವಿಲ್ಲ. ಅದು ಅಯಸ್ಕಾಂತ ಮಾಡುವ ವಿದ್ಯೆಯನ್ನು ಮೊದಲೇ ಬಲ್ಲದು. ನಾವು ಆ ಹದಿಮೂರು ವರ್ಷಗಳಲ್ಲಿ ಕಲಿಯಬಹುದಾಗಿದ್ದುದನ್ನು ಕಲಿತೆವೇ ಎಂಬುದನ್ನು ನಮ್ಮನ್ನೇ ನಾವು ಕೇಳಿಕೊಳ್ಳಬೇಕು. ವಿಶಾಖಪಟ್ಟಣದಲ್ಲಿ ೨೦೨೩ರಲ್ಲಿ ಸಮೇರಿಯಂ-ಕೋಬಾಲ್ಟ್ ಅಯಸ್ಕಾಂತದ ಸಣ್ಣ ಸ್ಥಾವರವೊಂದು ಲೋಕಾರ್ಪಣೆಯಾಗಿದೆ. ಅಯಸ್ಕಾಂತ ತಯಾರಿಕೆಗೆ ೭,೨೮೦ ಕೋಟಿ ರೂಪಾಯಿಗಳ ಯೋಜನೆಯನ್ನು ಕೇಂದ್ರ ಸಂಪುಟವು ೨೦೨೫ರ ನವೆಂಬರಿನಲ್ಲಿ ಒಪ್ಪಿದೆ. ಸಂತೋಷದ ಸಂಗತಿ, ತಡವಾದರೂ ದಾರಿ ಸರಿಯಾಗಿದೆ.

ನಮ್ಮ ನಾಡಿನದೇ ಒಂದು ನಿದರ್ಶನವನ್ನು ಕೊಂಚ ವಿವರವಾಗಿ ನೋಡುವುದು ಉಚಿತ. ಕುದುರೆಮುಖದ ಅದಿರು ಕೀಳು ದರ್ಜೆಯದು. ಅದನ್ನು ಅರೆದು, ಕಬ್ಬಿಣದ ಅಂಶವನ್ನು ಹೆಚ್ಚಿಸಿ, ವರ್ಷಕ್ಕೆ ೭೫ ಲಕ್ಷ ಟನ್ನು ಪುಡಿಯನ್ನು ಕೊಳ್ಳುವುದಾಗಿ ಇರಾನಿನ ಷಾ ಸರ್ಕಾರ ಒಪ್ಪಿತು. ೬೩ ಕೋಟಿ ಡಾಲರು ಸಾಲ ಕೊಡುವುದಾಗಿಯೂ ಮಾತು ಕೊಟ್ಟಿತು. ಆ ಭರವಸೆಯ ಮೇಲೆ ೧೯೭೬ರಲ್ಲಿ ಕಂಪನಿ ಹುಟ್ಟಿತು. ಘಟ್ಟದ ಮಳೆಯಲ್ಲಿ ಸಾವಿರಾರು ಜನ ದುಡಿದು ಗಣಿಯನ್ನೂ ಲಕ್ಯಾ ಅಣೆಕಟ್ಟನ್ನೂ ಮಂಗಳೂರಿನವರೆಗೆ ೬೭ ಕಿಲೋಮೀಟರಿನ ಕೊಳವೆಯನ್ನೂ ಕಟ್ಟಿದರು. ಕೆಲಸ ಮುಗಿಯುವ ಹೊತ್ತಿಗೆ, ೧೯೭೯ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಷಾ ಪದಚ್ಯುತನಾದ. ಸಾಲದ ಉಳಿದ ಕಂತುಗಳೂ ಬರಲಿಲ್ಲ, ಕೊಳ್ಳುವವನೂ ಬರಲಿಲ್ಲ. ಗಣಿ ಸಿದ್ಧ, ಕೊಳವೆ ಸಿದ್ಧ, ಬಂದರು ಸಿದ್ಧ, ಸರಕಿಗೆ ಗಿರಾಕಿಯಿಲ್ಲ. ಕಂಪನಿ ಬೇರೆ ದೇಶಗಳ ಬಾಗಿಲು ತಟ್ಟಿ ಕಷ್ಟದಿಂದ ಮಾರುಕಟ್ಟೆಯನ್ನು ಹುಡುಕಿಕೊಳ್ಳಬೇಕಾಯಿತು. ೧೯೮೦ರ ದಶಕದಲ್ಲಿ ಮಂಗಳೂರಿನಲ್ಲಿ ಪುಡಿಯನ್ನು ಉಂಡೆಗಟ್ಟುವ ಕಾರ್ಖಾನೆಯನ್ನೂ ಸೇರಿಸಿಕೊಂಡಿತು. ಮುಂದೆ ಭದ್ರಾ ನದಿಗೂ ಶೋಲಾ ಕಾಡಿಗೂ ಒದಗಿದ ಹಾನಿಯನ್ನು ಕಂಡು, ಸರ್ವೋಚ್ಚ ನ್ಯಾಯಾಲಯದ ೨೦೦೨ರ ತೀರ್ಪಿನಂತೆ ೨೦೦೫ರ ಡಿಸೆಂಬರ್ ೩೧ಕ್ಕೆ ಗಣಿ ಮುಚ್ಚಿತು. ಆದರೆ ಮಂಗಳೂರಿನ ಉಂಡೆ ಕಾರ್ಖಾನೆಯು ಹೊರಗಿನಿಂದ ಅದಿರು ತರಿಸಿಕೊಂಡು, ನಿಂತು ನಿಂತಾದರೂ ನಡೆಯಿತು. ಗಣಿ ಹೋದರೂ ಉಳಿದದ್ದು ಸಂಸ್ಕರಣೆಯ ವಿದ್ಯೆಯೊಂದೇ ಎಂಬುದು ಇಲ್ಲಿನ ನೀತಿ.

ಈ ಅನುಭವಗಳ ಬೆಳಕಿನಲ್ಲಿ ಯಾವುದೇ ಒಪ್ಪಂದವನ್ನು ಮೂರು ಪ್ರಶ್ನೆಗಳಿಂದ ಒರೆಗೆ ಹಚ್ಚಬಹುದೆಂದು ತೋರುತ್ತದೆ. ಕೊಳ್ಳುವವನಾಗಲಿ ಕೊಡುವವನಾಗಲಿ ಒಬ್ಬನೇ ಆಗಿರುವನೇ? ಸರಪಳಿಯ ಯಾವ ಮೆಟ್ಟಿಲಿನ ವಿದ್ಯೆ ನಮ್ಮ ಮಕ್ಕಳ ಕೈಗೆ ಬರುವುದು? ಒಪ್ಪಂದ ಮುರಿದ ಮರುದಿನ ನಮ್ಮಲ್ಲಿ ಏನು ಉಳಿಯುವುದು? ೨೦೨೩ರಲ್ಲಿ ಹೆಚ್ಚಿನ ಶಕ್ತಿಯ ಎಂಜಿನ್ನನ್ನು ಕೂಡಿ ತಯಾರಿಸುವ ಬಗ್ಗೆ ಎಚ್.ಎ.ಎಲ್. ಮತ್ತು ಜನರಲ್ ಎಲೆಕ್ಟ್ರಿಕ್ ಪರಸ್ಪರ ತಿಳಿವಳಿಕೆಗೆ ಬಂದಾಗ ಶೇಕಡಾ ೮೦ರಷ್ಟು ತಂತ್ರಜ್ಞಾನ ಬರುವುದೆಂದು ಪತ್ರಿಕೆಗಳು ಬರೆದವು. ಉಳಿದ ೨೦ರಲ್ಲಿ ಏನಿದೆ ಎಂದು ಕೇಳಿದವರು ವಿರಳ. ಅಲಗಿನ ಎರಕದ ಗುಟ್ಟು ಆ ೨೦ರಲ್ಲಿ ಅಡಗಿದ್ದರೆ ಮಾರುತ್ ವಿಮಾನದ ಕಥೆ ಬೇರೊಂದು ಹೆಸರಿನಲ್ಲಿ ಮರುಕಳಿಸೀತು.

ಇದಕ್ಕೆ ಎರಡು ಬಗೆಯ ಆಕ್ಷೇಪಗಳು ಬರಬಹುದು. ಎಲ್ಲವನ್ನೂ ನಾವೇ ಮಾಡಿಕೊಳ್ಳೋಣ, ಪರರ ಹಂಗೇಕೆ ಎಂಬುದು ಮೊದಲನೆಯದು. ಅದು ಅಶಕ್ಯ. ನಮ್ಮ ಮೊನಜೈಟಿನಲ್ಲಿ ನಿಯೋಡಿಮಿಯಮ್ಮಿನಂಥ ಹಗುರ ಬಗೆಯ ಲೋಹಗಳು ಸಾಕಷ್ಟಿದ್ದರೂ ಡಿಸ್ಪ್ರೋಸಿಯಂ, ಟೆರ್ಬಿಯಂಗಳು ಅತ್ಯಲ್ಪ. ಮಂಡ್ಯ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ೧೪,೧೦೦ ಟನ್ನು ಲಿಥಿಯಂ ಇದೆಯೆಂದು ೨೦೨೦ರಲ್ಲಿ ಸುದ್ದಿಯಾಗಿ ನಾವು ಹಿಗ್ಗಿದೆವು. ೨೦೨೧ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿದ್ದು ೧,೬೦೦ ಟನ್ನು, ಅದೂ ಅಂದಾಜಿನ ವರ್ಗದ್ದು. ಕಾವೇರಿ ಕಣಿವೆಯ ಹೊಲಗಳನ್ನು ಅಗೆಯುವ ಮುನ್ನ ಹತ್ತು ಬಾರಿ ಯೋಚಿಸಬೇಕಾದ ಪ್ರಮಾಣವಿದು. ಆದ್ದರಿಂದಲೇ ನಮ್ಮ ಸರ್ಕಾರಿ ಕಂಪನಿಗಳ ಒಕ್ಕೂಟವೊಂದು ೨೦೨೪ರ ಜನವರಿಯಲ್ಲಿ ಅರ್ಜೆಂಟೀನದ ಕಟಮಾರ್ಕ ಪ್ರಾಂತ್ಯದಲ್ಲಿ ಲಿಥಿಯಮ್ಮಿನ ಐದು ಕ್ಷೇತ್ರಗಳನ್ನು ಪಡೆದಿದೆ. ಸಹಕಾರ ಬೇಕೇ ಬೇಕು. ಕೊಡುವುದಕ್ಕೆ ಕೈಯಲ್ಲಿ ಏನಾದರೂ ಇರುವವನಿಗೆ ಮಾತ್ರ ಅದು ಸಮಾನರ ಸಹಕಾರವಾಗುತ್ತದೆ.

ದಯೆಯನ್ನು ಬೋಧಿಸಬೇಕಾದ ಶಾಲೆಯ ಪುಟಗಳಲ್ಲಿ ಆಯುಧದ ಮಾತೇಕೆ ಎಂಬುದು ಎರಡನೆಯ ಆಕ್ಷೇಪ. ಇದು ಹಗುರವಾಗಿ ತಳ್ಳಿಹಾಕುವಂಥದಲ್ಲ. ಆಯುಧ ವ್ಯಾಪಾರದಿಂದ ಸಂಪತ್ತು ಗಳಿಸುವುದನ್ನು ಆದರ್ಶವೆಂದು ಮಕ್ಕಳಿಗೆ ಹೇಳಬೇಕಾಗಿಲ್ಲ. ಆದರೆ ಗಡಿ ಕಾಯುವ ಸೈನಿಕನ ಕೈಯಲ್ಲಿರುವ ಸಾಧನವು ಪರರ ಕೃಪೆಯಿಂದ ನಡೆಯುವಂತಿದ್ದರೆ ನಮ್ಮ ಶಾಂತಿಯೂ ಪರರ ಕೃಪೆಯದೇ ಆಗುತ್ತದೆ. ಮೇಲಾಗಿ ಈ ಲೋಹಗಳಿಗೆ ಯುದ್ಧ–ಶಾಂತಿಗಳ ಭೇದವಿಲ್ಲ. ಅಯಸ್ಕಾಂತ ಮಾಡುವ ವಿದ್ಯೆಯೇ ಸ್ಕೂಟರನ್ನೂ ಗಾಳಿಯಂತ್ರವನ್ನೂ ತಿರುಗಿಸುವುದು. ರೇಡಾರಿನ ಬಿಲ್ಲೆಗೆ ಬೇಕಾದ ಗ್ಯಾಲಿಯಮ್ಮನ್ನು ತೆಗೆದುಕೊಳ್ಳಿ. ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವಾಗ ಉಳಿಯುವ ದ್ರವದಲ್ಲಿ ಅದು ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಮೊಬೈಲ್ ದೂರವಾಣಿಗೂ ವಿದ್ಯುದ್ದೀಪಕ್ಕೂ ಅದೇ ಬೇಕು. ನಮ್ಮ ಬೆಳಗಾವಿಯಲ್ಲಿ ದಶಕಗಳಿಂದ ಅಲ್ಯುಮಿನಾ ಕಾರ್ಖಾನೆಯಿದೆ. ಇಂಥ ಅಲ್ಪವನ್ನು ಸೋಸಿ ತೆಗೆಯುವುದು ರಸಾಯನಶಾಸ್ತ್ರದ ಕೆಲಸ, ಗಣಿಗೊಂದು ಹೊಸ ಬೆಟ್ಟವನ್ನು ಬಲಿಕೊಡುವ ಕೆಲಸವಲ್ಲ.

ಈಗ ನಮ್ಮ ಪಾಲಿನ ಕರ್ತವ್ಯಕ್ಕೆ ಬರೋಣ. ಸಾರಕ್ಕಿಯಂಥ ಬಡಾವಣೆಗಳ ಸಣ್ಣ ಕಾರ್ಖಾನೆಗಳಲ್ಲಿ ಜಾಬ್ ವರ್ಕ್ ಮಾಡುವವರು ದೊಡ್ಡ ಕಾರ್ಖಾನೆ ಕೊಟ್ಟ ನಕ್ಷೆಯಂತೆ, ಅದೇ ಕೊಟ್ಟ ಲೋಹದ ಸರಳನ್ನು ಕೂದಲೆಳೆಯ ನಿಖರತೆಯಿಂದ ಕಡೆದುಕೊಡಬಲ್ಲರು. ಆ ಲೋಹ ಎಲ್ಲಿಂದ ಬಂತು, ಅದರ ಬೆರಕೆ ಏನು, ಅದನ್ನೇ ಏಕೆ ಆರಿಸಿದರು ಎಂಬುದನ್ನು ಅವರಿಗೆ ಯಾರೂ ಕಲಿಸಿಲ್ಲ. ನಮ್ಮ ಮಕ್ಕಳಾದರೋ ಕಂಪ್ಯೂಟರ್ ವಿಭಾಗದ ಸೀಟಿಗಾಗಿ ಲಕ್ಷಗಟ್ಟಲೆ ಸುರಿಯುತ್ತಾರೆ. ಸುರತ್ಕಲ್ಲಿನ ಸಂಸ್ಥೆಯಲ್ಲಿರುವ ಗಣಿ ಮತ್ತು ಲೋಹಶಾಸ್ತ್ರ ವಿಭಾಗಗಳ ಹೆಸರನ್ನೂ ಎಷ್ಟೋ ಮಂದಿ ಕೇಳಿಲ್ಲ. ೨೦೨೫ರ ಜನವರಿಯಲ್ಲಿ ಕೇಂದ್ರವು ನಿರ್ಣಾಯಕ ಖನಿಜಗಳ ರಾಷ್ಟ್ರೀಯ ಯೋಜನೆಗೆ ೧೬,೩೦೦ ಕೋಟಿ ರೂಪಾಯಿ ತೆಗೆದಿರಿಸಿತು. ಹಣವು ಕಾರ್ಖಾನೆಯನ್ನು ಎರಡು ವರ್ಷದಲ್ಲಿ ಕಟ್ಟಬಹುದು. ಅದರೊಳಗೆ ನಿಂತು ದ್ರಾವಕದ ಹದ ನೋಡಬಲ್ಲವನನ್ನು ರೂಪಿಸಲು ಹದಿನೈದು ವರ್ಷ ಬೇಕು. ಆ ಹದಿನೈದು ವರ್ಷಗಳ ಮೊದಲ ಹತ್ತು ಶಾಲೆಯ ವಶದಲ್ಲಿವೆ.

ಆದ್ದರಿಂದ ಅಧ್ಯಾಪಕ ಬಂಧುಗಳಲ್ಲಿ ವಿನಂತಿಯಿದು. ರಸಾಯನಶಾಸ್ತ್ರದ ಪ್ರಯೋಗವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸದೆ ಮಕ್ಕಳ ಕೈಯಿಂದಲೇ ಮಾಡಿಸಬೇಕು, ಕುಮಾರಸ್ವಾಮಿ ಬಡಾವಣೆಯ ಭೂವಿಜ್ಞಾನಿಗಳನ್ನು ಕರೆಸಿ ಕಲ್ಲು ಮಣ್ಣುಗಳ ಕಥೆಯನ್ನು ಹೇಳಿಸಬೇಕು, ಐ.ಟಿ.ಐ., ಡಿಪ್ಲೊಮಾಗಳಿಗೆ ಹೋಗುವ ಹುಡುಗನನ್ನು ಸೋತವನಂತೆ ಕಾಣುವ ರೂಢಿ ನಿಲ್ಲಬೇಕು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಮಾತನ್ನು ಪ್ರತಿ ಸಮಾರಂಭದಲ್ಲಿಯೂ ಹೇಳುವ ನಾವು ಕುಲುಮೆಯ ಮುಂದೆ ನಿಲ್ಲುವವನಿಗೂ ಪರದೆಯ ಮುಂದೆ ಕೂರುವವನಿಗೂ ಒಂದೇ ಗೌರವ ಕೊಟ್ಟಾಗ ಆ ಮಾತು ನಿಜವಾಗುತ್ತದೆ. ಕಾರ್ಖಾನೆಗಳಿಂದ ನಿವೃತ್ತರಾದ ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಸಂಜೆಯನ್ನು ಶಾಲೆಯ ಕಾರ್ಯಾಗಾರಕ್ಕೆ ಕೊಟ್ಟರೆ ಅದು ಯಾವ ದೇಣಿಗೆಗೂ ಕಡಿಮೆಯಲ್ಲ. ಅವರೊಡನೆ ಹೊರಟುಹೋಗುವ ಕೈಚಳಕವನ್ನು ಯಾವ ಒಪ್ಪಂದದಿಂದಲೂ ಮರಳಿ ತರಲಾಗದು.

ದಾನಿಗಳಲ್ಲಿಯೂ ಒಂದು ಮಾತು. ಸಭಾಭವನಗಳನ್ನೂ ಮಹಾದ್ವಾರಗಳನ್ನೂ ಕಟ್ಟಿಸಿದ ಉದಾರಿಗಳನ್ನು ನಾಡು ಮರೆಯುವುದಿಲ್ಲ. ಅವು ಈಗ ಸಾಕಷ್ಟಾಗಿವೆ. ಮುಂದಿನ ದಾನ ಒಂದು ಲೇತಾಗಲಿ, ಒಂದು ಕುಲುಮೆಯಾಗಲಿ, ಲೋಹಶಾಸ್ತ್ರ ಓದುವ ಬಡ ವಿದ್ಯಾರ್ಥಿಗೆ ನಾಲ್ಕು ವರ್ಷಗಳ ವೇತನವಾಗಲಿ. ಅಮೃತಶಿಲೆಯ ಫಲಕದಲ್ಲಿ ಹೆಸರು ಕಾಣದಿದ್ದರೂ ಆ ಹುಡುಗನೋ ಹುಡುಗಿಯೋ ಒಂದು ದಿನ ಪರದೇಶದ ತಜ್ಞರೆದುರು ಕುಳಿತು, ಉಳಿದ ಶೇಕಡಾ ೨೦ರಲ್ಲಿ ಏನಿದೆಯೆಂದು ತಿಳಿದು ಕೇಳಬಲ್ಲವರಾದರೆ ದಾನ ಸಾರ್ಥಕವಾದಂತೆಯೇ.